ಮೂವತ್ತೆಂಟನೇ ನೋಟ್‌ಬುಕ್

'ಇದು ಯಾರು ಬರೆದದ್ದು?'

ಅವಳು ಕೆಂಪು ಅಕ್ಷರದಲ್ಲಿ ಟೈಪ್ ಮಾಡಿ ಪರದೆಯನ್ನೇ ದಿಟ್ಟಿಸಿ ಕುಳಿತಳು.

ಬೆಳಗ್ಗೆಯಿಂದ ತಿದ್ದುತ್ತಿರುವುದರಲ್ಲಿ ಇದು ಇಪ್ಪತ್ತಮೂರನೇ ನೋಟ್‌ಬುಕ್. ಹಿಂದಿನ ಇಪ್ಪತ್ತೆರಡು ಮಕ್ಕಳಲ್ಲಿ ಹೆಚ್ಚಿನವರು ಪುಸ್ತಕದ ಸಾಲನ್ನೇ ನಕಲು ಮಾಡಿದ್ದರು. ಒಬ್ಬ ಇತಿಹಾಸದ ಪುಟದಲ್ಲಿ ಅಕ್ಕನ ಗಣಿತ ತಂದು ಅಂಟಿಸಿದ್ದ. ಇನ್ನೊಬ್ಬಳು 'ನೆಟ್ ಇಲ್ಲ ಮೇಡಂ' ಎಂದು ನೆಟ್ ಮೂಲಕವೇ ತಿಳಿಸಿದ್ದಳು.

ಆದರೆ ಇದು...

ಮೊಹೆಂಜೊದಾರೊದ ಬಾವಿಗಳ ಬಗ್ಗೆ ಬರೆಯಿರಿ ಎಂಬ ಪ್ರಶ್ನೆಗೆ, ಹನ್ನೆರಡು ವರ್ಷದ ಹುಡುಗಿಯ ಪುಟದಲ್ಲಿ ಹೀಗಿತ್ತು:

'ಬಾವಿಯ ಇಟ್ಟಿಗೆಗೆ ಒಂದು ತುದಿ ಅಗಲ, ಒಂದು ತುದಿ ಕಿರಿದು. ಅಗಲದ ತುದಿ ಮಣ್ಣಿನ ಕಡೆಗೆ. ಹೊರಗಿನಿಂದ ಮಣ್ಣು ಒತ್ತಿದಷ್ಟೂ ಇಟ್ಟಿಗೆಗಳು ಒಂದನ್ನೊಂದು ಬಿಗಿಯಾಗಿ ಹಿಡಿಯುತ್ತವೆ. ಕಟ್ಟಿದವನಿಗೆ ಕೆಲಸ ಗೊತ್ತಿತ್ತು.'

ಕೊನೆಯ ಸಾಲಿಗೆ ಹನ್ನೆರಡು ವರ್ಷ ಆಗಿರಲು ಸಾಧ್ಯವೇ ಇರಲಿಲ್ಲ.

ಆ ಪುಟದಲ್ಲಿ ಯಾರೋ ಇದ್ದರು. ಒಂದು ಸಣ್ಣ ಗೆರೆ ಮಿನುಗುತ್ತಿತ್ತು. ಅವಳು ನೋಡುತ್ತಿದ್ದಂತೆಯೇ ಅಕ್ಷರಗಳು ಮೂಡಿದವು.

'ನಾನೇ ಬರೆದೆ ಮೇಡಂ.'

ಮರುಕ್ಷಣ ಅಕ್ಷರಗಳು ಹಿಂದಿನಿಂದ ಒಂದೊಂದಾಗಿ ಅಳಿದುಹೋದವು. ಮತ್ತೆ ಮೂಡಿದವು.

'ಕ್ಷಮಿಸಿ. ಬರೆದದ್ದು ಅವಳಲ್ಲ. ನಾನು, ಅವಳ ಮಾವ.'

ಅವಳಿಗೆ ಎಲ್ಲಿತ್ತೋ ಸಿಟ್ಟು.

'ಇದು ಮಗುವಿನ ನೋಟ್‌ಬುಕ್. ನಿಮ್ಮದಲ್ಲ. ನೀವೇ ಉತ್ತರ ಬರೆದುಕೊಟ್ಟರೆ ಅವಳು ಕಲಿಯುವುದು ಯಾವಾಗ?'

'ಅವಳ ಉತ್ತರ ಕೆಳಗಿದೆ ಮೇಡಂ. ಮೇಲಿನದು ನಾನು ಸುಮ್ಮನೆ ಬರೆದುಕೊಂಡದ್ದು. ಅಳಿಸಲು ಮರೆತೆ.'

ಅವಳು ಪುಟವನ್ನು ಕೆಳಗೆ ಸರಿಸಿದಳು. ಅಲ್ಲಿತ್ತು: 'ಬಾವಿಗಳು ದುಂಡಗಿದ್ದವು. ಒಳಗೆ ನೀರು ಇತ್ತು.'

ನಗಬೇಕೋ, ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಮೇಲಿನ ಸಾಲುಗಳು ಅಳಿಯತೊಡಗಿದವು.

'ನಿಲ್ಲಿ,' ಎಂದು ಅವಳು ಬರೆದಳು. 'ಅಳಿಸಬೇಡಿ.'

*

ಅವಳು ಕಲಿಸುತ್ತಿದ್ದ ಶಾಲೆಗೆ ಕಟ್ಟಡವೇ ಇರಲಿಲ್ಲ. ಕೆಲಸ ಇದ್ದ ಕಡೆಗೆ ಊರು ಬದಲಿಸುವವರ ಮಕ್ಕಳಿಗಾಗಿ ನಡೆಯುವ ದೂರಪಾಠದ ಶಾಲೆ ಅದು. ಟೀಚರು ಅವರವರ ಮನೆಯಲ್ಲಿ, ಮಕ್ಕಳು ಎಲ್ಲೆಲ್ಲೋ. ಏಳನೇ ತರಗತಿಯ ಮೂವತ್ತೇಳು ಮಕ್ಕಳಿಗೆ ಒಂದೊಂದು ಡಿಜಿಟಲ್ ನೋಟ್‌ಬುಕ್. ಮಗು ಬರೆಯುವುದು ಟೀಚರಿಗೆ ಕಾಣುತ್ತದೆ, ಟೀಚರ್ ತಿದ್ದುವುದು ಮಗುವಿಗೆ. ಪೋಷಕರೊಂದಿಗೆ ಮಾತೂ ಅಲ್ಲೇ, ಫೋನ್ ಮಾಡುವಂತಿಲ್ಲ. ಅದು ಹೆಡ್ ಮೇಡಂ ಹಾಕಿದ ನಿಯಮ.

ಹುಡುಗಿಯನ್ನು ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ಅವಳ ಮಾವ ಇಟ್ಟಿಗೆ ಕಟ್ಟುವ ಮೇಸ್ತ್ರಿ. ಗುಬ್ಬಿಯ ಅಮ್ಮ, ಅಂದರೆ ಅವನ ಅಕ್ಕ, ಅದೇ ಸೈಟಿನಲ್ಲಿ ಕೆಲಸದವರಿಗೆ ಅಡುಗೆ ಮಾಡುತ್ತಿದ್ದಳು. ಅಕ್ಕನಿಗೆ ಓದು ಬಾರದು. ಹೀಗಾಗಿ ಸಂಜೆ ಗುಬ್ಬಿಯ ಪಾಠ ನೋಡುವುದು ಮಾವನ ಪಾಲಿಗೆ ಬಂದಿತ್ತು. ನೋಡುತ್ತ ನೋಡುತ್ತ ಅವನಿಗೇ ಪಾಠದ ಹುಚ್ಚು ಹಿಡಿದಿತ್ತು.

"ಅವರಿಗೂ ಒಂದು ನೋಟ್‌ಬುಕ್ ಕೊಟ್ಬಿಡು," ಎಂದರು ಅವಳ ಅತ್ತೆ, ಕಥೆಯನ್ನೆಲ್ಲ ಕೇಳಿ, ಕಾಫಿ ಲೋಟ ಮೇಜಿನ ಮೇಲೆ ಕುಕ್ಕುತ್ತ.

"ಅತ್ತೆ, ಅವರು ವಿದ್ಯಾರ್ಥಿ ಅಲ್ಲ."

"ನಿನ್ನ ವಿದ್ಯಾರ್ಥಿಗಳು ವಿದ್ಯಾರ್ಥಿಗಳಾ? ಮೊನ್ನೆ ಒಬ್ಬ ಕ್ಯಾಮೆರಾ ಮುಂದೆ ತನ್ನ ಫೋಟೊ ನಿಲ್ಲಿಸಿ ಆಡೋಕೆ ಹೋಗಿದ್ನಲ್ಲ. ನೀನು ಹದಿನೈದು ನಿಮಿಷ ಆ ಫೋಟೊಗೆ ಪಾಠ ಮಾಡ್ದೆ."

ಅವಳ ಗಂಡ ತೀರಿಕೊಂಡು ಮೂರು ವರ್ಷವಾಗಿತ್ತು. ಮನೆಯಲ್ಲಿ ಉಳಿದವರು ಇವರಿಬ್ಬರೇ. ಅತ್ತೆ ಮಗನನ್ನು ಕಳೆದುಕೊಂಡಿದ್ದರು, ನಾಲಿಗೆಯನ್ನಲ್ಲ. ಸೊಸೆ ಮಾತ್ರ ಎಲ್ಲಕ್ಕೂ 'ಸರಿ' ಎನ್ನುತ್ತ, ಹೊತ್ತಿಗೆ ಉಣ್ಣುತ್ತ, ಹೊತ್ತಿಗೆ ಮಲಗುತ್ತ, ತನ್ನ ಪಾಡಿಗೆ ತಾನು ಮರಗಟ್ಟಿದ್ದಳು.

ಅಂದೇ ಅವಳು ತರಗತಿಯ ಪಟ್ಟಿಗೆ ಇನ್ನೊಂದು ನೋಟ್‌ಬುಕ್ ಸೇರಿಸಿದಳು. ಮೂವತ್ತೆಂಟನೆಯದು. ಹೆಸರಿನ ಜಾಗದಲ್ಲಿ 'ಗುಬ್ಬಿಯ ಮಾವ' ಎಂದು ಬರೆದಳು.

*

ಅವನು ಒಳ್ಳೆಯ ವಿದ್ಯಾರ್ಥಿಯಾಗಿರಲಿಲ್ಲ. ಕೇಳಿದ್ದಕ್ಕೆ ಉತ್ತರಿಸುವ ಬದಲು ತಾನೇ ಪ್ರಶ್ನೆ ಕೇಳುತ್ತಿದ್ದ.

'ಇಟ್ಟಿಗೆ ದಪ್ಪ ಒಂದು, ಅಗಲ ಎರಡು, ಉದ್ದ ನಾಲ್ಕು ಅಂತ ಬರೆದಿದ್ದೀರಿ. ಅಷ್ಟು ದೂರದ ಊರುಗಳಲ್ಲೂ ಅದೇ ಅಳತೆ ಅಂತೀರಿ. ಇಲ್ಲಿ ಎರಡು ಗೂಡಿನ ಇಟ್ಟಿಗೆ ಒಂದೇ ಅಳತೆಗೆ ಬರಲ್ಲ. ಅವರಿಗೆ ಹೇಳಿದ್ದು ಯಾರು?'

'ಗೊತ್ತಿಲ್ಲ,' ಎಂದು ಅವಳು ಬರೆದಳು. 'ಯಾರಿಗೂ ಗೊತ್ತಿಲ್ಲ.'

'ಪುಸ್ತಕದಲ್ಲಿ ಹಾಗೆ ಬರೆದಿಲ್ಲವಲ್ಲ. ಎಲ್ಲ ಗೊತ್ತಿರೋ ಹಾಗೆ ಬರೆದಿದ್ದಾರೆ.'

ವಿಶ್ವವಿದ್ಯಾಲಯದಲ್ಲಿ ಐದು ವರ್ಷ ಓದಿದ ಅವಳು ಅಂದು ಹಳೆಯ ಪುಸ್ತಕಗಳ ಪೆಟ್ಟಿಗೆ ತೆಗೆದಳು. ಮೂರು ವರ್ಷದಿಂದ ಕಟ್ಟಿಟ್ಟಿದ್ದ ಪೆಟ್ಟಿಗೆ. ಅವನೊಂದಿಗೆ ವಾದಿಸಿ ಗೆಲ್ಲಲೇಬೇಕಿತ್ತು.

ಒಮ್ಮೆ ಅವಳು ಬರೆದ ಚರಂಡಿಯ ಚಿತ್ರವನ್ನೇ ಅವನು ತಿದ್ದಿದ. 'ಮೇಡಂ, ನೀವು ಬರೆದ ಹಾಗೆ ಕಟ್ಟಿದ್ರೆ ನೀರು ಮನೆ ಒಳಗೆ ಬರತ್ತೆ.'

ಗೋರಿಗಳ ಪಾಠದ ದಿನ ಅವನು ಕೇಳಿದ. 'ಸತ್ತವರ ಜೊತೆ ಮಡಕೆ ಯಾಕೆ ಇಡ್ತಿದ್ರು?'

ಅವಳು ಪಠ್ಯದ ಉತ್ತರ ಬರೆದಳು. ಬರೆದು, ಕೆಳಗೆ ಇನ್ನೆರಡು ಸಾಲು ಸೇರಿಸಿದಳು.

'ನನ್ನ ಗಂಡ ತೀರಿಕೊಂಡಾಗ ಅವರ ಕನ್ನಡಕ ಅವರ ಜೊತೆಗೇ ಇರಲಿ ಅಂತ ನಾನೂ ಹಠ ಮಾಡಿದ್ದೆ. ಯಾರೂ ಒಪ್ಪಲಿಲ್ಲ.'

ಬರೆದ ಮೇಲೆ ಹೆದರಿದಳು. ಈಗ 'ಅಯ್ಯೋ ಪಾಪ' ಬರುತ್ತದೆ. ಬಂದರೆ ಈ ನೋಟ್‌ಬುಕ್ಕನ್ನು ಅಲ್ಲಿಗೇ ಮುಚ್ಚಿಬಿಡಬೇಕು ಎಂದುಕೊಂಡಳು.

ಮರುದಿನ ಒಂದೇ ಸಾಲು ಬಂದಿತ್ತು.

'ಕನ್ನಡಕ ಈಗ ಎಲ್ಲಿದೆ?'

'ಮೇಜಿನ ಡ್ರಾಯರ್‌ನಲ್ಲಿ.'

'ಒಳ್ಳೇದು.'

ಅಷ್ಟೇ. ಆ 'ಒಳ್ಳೇದು' ಎಂಬುದನ್ನು ಅವಳು ಎಷ್ಟು ಸಲ ಓದಿದಳೋ...

ಮುಖ ನೋಡಿರಲಿಲ್ಲ. ಡೇಟಾ ಉಳಿಸಲು ಗುಬ್ಬಿ ಕ್ಯಾಮೆರಾ ಹಾಕುತ್ತಿರಲಿಲ್ಲ. ಒಮ್ಮೆ ಮಾತ್ರ ಅವಳ ಮೈಕ್ ತೆರೆದಿದ್ದಾಗ ಹಿಂದಿನಿಂದ ಒಂದು ಗಂಡುದನಿ ಕೇಳಿಸಿತ್ತು. "ಗುಬ್ಬಿ, ಮೇಡಂ ಮಾತಾಡ್ತಿದಾರೆ. ಬಿಸ್ಕತ್ತು ಆಮೇಲೆ ತಿನ್ನು."

ಆ ದಿನ ಅವಳು ಪಾಠದ ಮಧ್ಯೆ ಎಲ್ಲಿದ್ದೆನೆಂಬುದನ್ನೇ ಮರೆತಿದ್ದಳು. ಮೂವತ್ತೇಳು ಮಕ್ಕಳಲ್ಲಿ ಒಬ್ಬರೂ ಗಮನಿಸಲಿಲ್ಲ. ದೂರಪಾಠದ ಒಂದು ಲಾಭ.

*

ವರ್ಷ ಮುಗಿಯಲು ನಾಲ್ಕು ವಾರವಿತ್ತು. ಹೆಡ್ ಮೇಡಂ ಸುತ್ತೋಲೆ ಕಳಿಸಿದರು. ಕೊನೆಯ ಶುಕ್ರವಾರ ಫಲಿತಾಂಶ, ಭಾನುವಾರ ಸಂಜೆ ಎಲ್ಲ ನೋಟ್‌ಬುಕ್ ಖಾಲಿ. ಹೊಸ ವರ್ಷಕ್ಕೆ ಹೊಸ ಮಕ್ಕಳು, ಹೊಸ ಪುಟ.

ಅವಳು ಸುತ್ತೋಲೆಯನ್ನು ಎರಡು ಸಲ ಓದಿದಳು. ಆ ನೋಟ್‌ಬುಕ್ ಅಳಿದರೆ ಅವನೂ ಹೋದಂತೆ. ಅವನ ವಿಳಾಸವಿಲ್ಲ, ನಂಬರಿಲ್ಲ, ಮುಖವೂ ಗೊತ್ತಿಲ್ಲ.

ಶನಿವಾರ ಮಧ್ಯಾಹ್ನ, ಅವನ ಪುಟ ತಿದ್ದಿದ ಮೇಲೆ, ಕೆಳಗೆ ಬರೆದಳು:

'ಪಾಠ ಮುಗಿಯುತ್ತಿದೆ. ಇದು ಟೀಚರಾಗಿ ಕೇಳುತ್ತಿರುವುದಲ್ಲ. ಪಾಠ ಮುಗಿದ ಮೇಲೂ ನೀವು ನನ್ನೊಂದಿಗೆ ಮಾತಾಡುತ್ತಿರುತ್ತೀರಾ?'

ಮತ್ತೆ ಓದಿದರೆ ಅಳಿಸಿಬಿಡುವೆನೆಂದು ಆ ಪುಟ ಬಿಟ್ಟು ಹೊರಬಂದಳು. ಉಳಿದ ಕೆಲಸ ಮುಗಿಸಿದಳು. ಮೂರು ಗಂಟೆಗೆ ವಾರದ ಕೊನೆಯ ಗುಂಡಿ ಒತ್ತಿ, ಕಂಪ್ಯೂಟರ್ ಮುಚ್ಚಿ, ಅಡುಗೆಮನೆಗೆ ಹೋಗಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದಳು.

ಭಾನುವಾರ ಉತ್ತರ ಬರಲಿಲ್ಲ.

ಸೋಮವಾರ, ಮಂಗಳವಾರ... ಪುಟ ಹಾಗೇ ಇತ್ತು. ಅವಳ ಕೆಂಪು ಪ್ರಶ್ನೆ, ಕೆಳಗೆ ಖಾಲಿ ಬಿಳಿ.

ಓದಿದ್ದಾನೆ ಎಂಬುದು ಖಾತ್ರಿ. ಪುಟ ತೆರೆದ ವೇಳೆ ನಮೂದಾಗಿತ್ತು: ಶನಿವಾರ, ಮೂರಕ್ಕೆ ನಾಲ್ಕು ನಿಮಿಷವಿದ್ದಾಗ.

ಓದಿದ. ಸುಮ್ಮನಾದ. ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕೇ?

"ಸಾಮ್ರಾಜ್ಯಗಳು ಯಾಕೆ ಮುಳುಗ್ತವೆ ಮೇಡಂ?" ಎಂದು ಬುಧವಾರ ಒಬ್ಬಳು ಕೇಳಿದಳು.

"ಕೇಳಿದ್ದಕ್ಕೆ ಬಾಯಿಬಿಟ್ಟು ಉತ್ತರ ಕೊಡದೆ ಇದ್ರೆ ಯಾವುದಾದ್ರೂ ಮುಳುಗತ್ತೆ," ಎಂದಳು ಅವಳು.

ಮೂವತ್ತಾರು ಮೈಕ್‌ಗಳು ಮೌನವಾಗಿದ್ದವು. ಒಂದರಲ್ಲಿ ಯಾರದೋ ಮನೆಯ ಮಿಕ್ಸಿ ತಿರುಗುತ್ತಿತ್ತು.

"ಮ್ಯೂಟ್ ಮಾಡಿ!" ಎಂದು ಅವಳು ಕೂಗಿದ್ದು ಪಕ್ಕದ ಮನೆಗೂ ಕೇಳಿಸಿತು.

ಎರಡನೇ ವಾರ ಅವಳು ಸಣ್ಣತನಕ್ಕಿಳಿದಳು. ಗುಬ್ಬಿಯ ಪುಟದಲ್ಲಿ ಬರೆದಳು: 'ಪೋಷಕರು ಓದಿ ಸಹಿ ಮಾಡುವುದು ಕಡ್ಡಾಯ.' ಅಂಥ ನಿಯಮವೇ ಇರಲಿಲ್ಲ.

ಸಂಜೆ ಉತ್ತರ ಬಂತು. 'ಓದಿದ್ದೇನೆ. ಗುಬ್ಬಿಯ ಮಾವ.'

ಓದಿದ್ದೇನೆ. ಬ್ಯಾಂಕಿನ ಕಾಗದದಂತೆ! ಅವಳು ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದಳು. ಕುರ್ಚಿ ಬಿತ್ತು. ಎತ್ತಲಿಲ್ಲ.

"ಬಾಗಿಲು, ಪಾತ್ರೆ, ಈಗ ಕುರ್ಚಿ," ಎಂದರು ಅತ್ತೆ ಹೊಸ್ತಿಲಲ್ಲಿ ನಿಂತು. "ನನ್ನ ಮೇಲೂ ಏನಾದ್ರೂ ಎಸೀಬೇಕು ಅನ್ಸಿದ್ರೆ ಮೊದ್ಲೇ ಹೇಳು, ಸರೀತೀನಿ."

"ಏನಿಲ್ಲ ಅತ್ತೆ."

"ಏನಿಲ್ದೆ ಇದ್ದಿದ್ದು ಮೂರು ವರ್ಷ. ಆಗ ನನಗೆ ಹೆದರಿಕೆ ಆಗ್ತಿತ್ತು. ಈಗ ಸಿಟ್ಟು ಬರ್ತಿದೆಯಲ್ಲ... ಒಳ್ಳೇದಾಯ್ತು." ಕುರ್ಚಿ ಎತ್ತಿ ನಿಲ್ಲಿಸಿ ಅತ್ತೆ ಅದರಲ್ಲೇ ಕುಳಿತರು. "ಯಾರ ಮೇಲೆ, ಅದನ್ನ ಹೇಳು. ಆ ಮೇಸ್ತ್ರೀನಾ?"

ಅವಳು ಗೋಡೆಗೆ ಮುಖ ಮಾಡಿ ನಿಂತು ಎಲ್ಲ ಹೇಳಿದಳು. ಅತ್ತೆಗೆ ಇದನ್ನು ಹೇಳುವ ದಿನ ಬರುತ್ತದೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ. ಹೇಳಿ ಮುಗಿಸಿ, ಬೈಗುಳಕ್ಕೆ ಕಾದಳು.

"ನೀನು ಕೇಳಿದ್ದು ತಪ್ಪಲ್ಲ," ಎಂದರು ಅತ್ತೆ. ದನಿ ಸ್ವಲ್ಪ ಒಡೆದಿತ್ತು. "ಉತ್ತರ ಕೊಡದ ಅವನದ್ದು ತಪ್ಪು."

*

ಕೊನೆಯ ಶನಿವಾರ. ಫಲಿತಾಂಶದ ಬಗ್ಗೆ ದೂರು ಕೇಳುವ ದಿನ. ಮಾತಿಗೆ ಮಾತು ಬೆಳೆಸುವ ಕಾರಣಕ್ಕೆ ತರಗತಿಯಲ್ಲಿ 'ಲಾಯರ್' ಎಂದೇ ಹೆಸರಾದ ಹುಡುಗ ಮೊದಲು ಬಂದ.

"ಮೇಡಂ, ನನ್ನ ಉತ್ತರ ಅರ್ಧ ಇದೆ ಅಂತ ಎರಡು ಮಾರ್ಕ್ಸ್ ಕಟ್ ಮಾಡಿದೀರ. ಅದು ಅನ್ಯಾಯ."

"ಅರ್ಧ ಬರೆದ್ರೆ ಅರ್ಧ ಮಾರ್ಕ್ಸು."

"ನಾನು ಬರೀತಾನೇ ಇದ್ದೆ ಮೇಡಂ. ನೀವು ಬೀಗ ಹಾಕಿದ್ರಿ. ಬೀಗ ಬಿದ್ರೆ ಪುಟ ಓದ್ಬಹುದು, ಬರಿಯೋಕಾಗಲ್ಲ. ಅಷ್ಟೇ ಅಲ್ಲ, ನಮ್ಮನೇಲಿ ನೆಟ್ ನಿಧಾನ. ಆಗ ತಾನೇ ಬರೆದಿದ್ದೂ ಮಾಯ ಆಗತ್ತೆ."

"ನಾನೆಲ್ಲಿ ಹಾಕಿದೆ? ನನಗೆ ಬರಿಯೋಕೆ ಬರ್ತಿದೆಯಲ್ಲ."

"ನೀವು ಟೀಚರು. ನಿಮಗೆ ಎಲ್ಲಾ ಬರತ್ತೆ, ಬೀಗ ಕಾಣೋದೇ ಇಲ್ಲ. ಶನಿವಾರ ಮೂರು ಗಂಟೆಗೆ ಎಲ್ಲರ ಪುಟಕ್ಕೂ ಒಟ್ಟಿಗೆ ಹಾಕ್ತೀರಲ್ಲ ಮೇಡಂ. ತಿದ್ದಿದ ಪುಟಕ್ಕೆಲ್ಲ."

ಶನಿವಾರ. ಮೂರು ಗಂಟೆ. ಎಲ್ಲರ ಪುಟಕ್ಕೂ.

ಅವಳು ಮೌಸ್‌ನಿಂದ ಕೈ ತೆಗೆದಳು.

ಅಂಕ ಬಂದ ಮೇಲೆ ಮಕ್ಕಳು ಉತ್ತರ ಬದಲಿಸದಿರಲೆಂದು ಹೆಡ್ ಮೇಡಂ ಮಾಡಿದ ಪದ್ಧತಿ ಅದು. ಎರಡು ವರ್ಷದಿಂದ ಪ್ರತಿ ವಾರ ಕಣ್ಣು ಮುಚ್ಚಿಕೊಂಡು ಒತ್ತುತ್ತಿದ್ದ ಗುಂಡಿ. ಮೂವತ್ತೇಳು ನೋಟ್‌ಬುಕ್... ಅಲ್ಲ. ಮೂವತ್ತೆಂಟು.

ಅವನು ಪುಟ ತೆರೆದದ್ದು ಮೂರಕ್ಕೆ ನಾಲ್ಕು ನಿಮಿಷವಿದ್ದಾಗ. ಬರೆಯಲು ಶುರು ಮಾಡಿರಬಹುದು. ಮೂರಕ್ಕೆ ಸರಿಯಾಗಿ, ಅವನ ಬೆರಳಿನ ಕೆಳಗೇ, ಪುಟ ಮುಚ್ಚಿಕೊಂಡಿರಬಹುದು.

ತಾನೇ ಕೇಳಿ, ತಾನೇ ಅವನ ಬಾಯಿ ಮುಚ್ಚಿಸಿದ್ದಳು! ಮತ್ತೆ ಮೂರು ವಾರ ಅವನ ಮೇಲೇ ಸಿಟ್ಟು.

"ಮೇಡಂ? ನನ್ನ ಎರಡು ಮಾರ್ಕ್ಸು?"

"ಎರಡೂ ತಗೋ. ಗುಬ್ಬಿ ಇದಾಳಾ ಕ್ಲಾಸಲ್ಲಿ? ಗುಬ್ಬೀ, ಮಾವ ಎಲ್ಲಿದಾರೆ?"

"ಕೆಲಸದಲ್ಲಿ ಮೇಡಂ. ಫೋನ್ ನನ್ನ ಹತ್ರ ಇದೆ." ಗುಬ್ಬಿ ಕೊಂಚ ಹಿಂಜರಿದಳು. "ಮಾವ ಈಗ ನೋಟ್‌ಬುಕ್ ನೋಡಲ್ಲ. ಮೇಡಂ ಬೀಗ ಹಾಕಿದ್ರೆ ಮುಗೀತು ಅಂತ ಅರ್ಥ, ಅಂದ್ರು. ಸೋಮವಾರ ನಾವು ಬೇರೆ ಸೈಟಿಗೆ ಹೋಗ್ತೀವಿ. ತುಂಬಾ ದೂರ."

"ಈಗ ಎಲ್ಲಿದೀರಿ?"

"ಹೊಳೆ ಆಚೆ ಹೊಸ ಆಸ್ಪತ್ರೆ ಕಟ್ತಾರಲ್ಲ, ಅಲ್ಲಿ. ಯಾಕೆ ಮೇಡಂ?"

ಅವಳು ಆಗಲೇ ಬೀಗ ತೆಗೆದಿದ್ದಳು. ಆದರೆ ಅವನು ನೋಡದ ಪುಟದ ಬೀಗ ತೆಗೆದು ಏನು ಪ್ರಯೋಜನ?

*

ಭಾನುವಾರ ಬೆಳಗ್ಗೆ ಅವಳು ಚಪ್ಪಲಿ ಮೆಟ್ಟುವಾಗ ಅತ್ತೆ ಒಳಗಿನಿಂದ ಕೈಚೀಲ ಹಿಡಿದು ಬಂದರು.

"ನೀವೆಲ್ಲಿಗೆ ಅತ್ತೆ?"

"ನೀನೆಲ್ಲಿಗೋ ಅಲ್ಲಿಗೆ. ನೀನು ಅಲ್ಲಿ ಹೋಗಿ 'ಸರಿ' ಅಂತ ಹೇಳಿ ವಾಪಸ್ ಬಂದ್ಬಿಟ್ರೆ? ನಂಬೋಕಾಗಲ್ಲ ನಿನ್ನ."

ಬಸ್ಸಿನಲ್ಲಿ ಎರಡು ಗಂಟೆಯ ದಾರಿ. ಅರ್ಧ ದಾರಿಯವರೆಗೆ ಅತ್ತೆ ಡ್ರೈವರನನ್ನು ಬೈದರು.

"ನಿಮಗೆ ನೋವಾಗಲ್ವಾ ಅತ್ತೆ?" ಎಂದಳು ಅವಳು, ಹೊರಗೆ ನೋಡುತ್ತ.

"ಆಗತ್ತೆ." ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು. "ನನ್ನ ಮಗ ಅಂತೂ ವಾಪಸ್ ಬರಲ್ಲ. ನೀನಾದ್ರೂ ಬಾ."

ಅವಳು ಅತ್ತೆಯ ಭುಜಕ್ಕೆ ತಲೆಯಾನಿಸಿದಳು.

ಆಸ್ಪತ್ರೆ ಕಟ್ಟಡಕ್ಕೆ ಇನ್ನೂ ಕಿಟಕಿ ಕೂತಿರಲಿಲ್ಲ. ಅಂಗಳದಲ್ಲಿ ಒದ್ದೆ ಮರಳಿನ ವಾಸನೆ. ತಗಡಿನ ಶೆಡ್ಡಿನ ಮುಂದೆ ಒಬ್ಬ ಹೆಂಗಸು ದೊಡ್ಡ ಪಾತ್ರೆ ತೊಳೆಯುತ್ತಿದ್ದಳು. ಅವಳ ಪಕ್ಕ ಕುಳಿತಿದ್ದ ತೆಳ್ಳನೆಯ ಹುಡುಗಿ ಇವರನ್ನು ಕಂಡು ಕಣ್ಣರಳಿಸಿದಳು.

"ಅಮ್ಮಾ, ನಮ್ಮ ಮೇಡಂ! ನಿಜವಾದ ಮೇಡಂ!"

ಗುಬ್ಬಿ ತೋರಿಸಿದ ಕಡೆಗೆ ಅವಳು ನಡೆದಳು. ಅರ್ಧ ಎದ್ದ ಗೋಡೆಯ ಬಳಿ ಒಬ್ಬ ಮಟ್ಟ ನೋಡುವ ದಾರ ಹಿಡಿದು ಬಗ್ಗಿ ನಿಂತಿದ್ದ. ನಾಳೆ ಹೊರಡುವವನು ಇಂದೂ ಗೋಡೆ ಮುಗಿಸುತ್ತಿದ್ದ. ಮೂವತ್ತೈದರ ವಯಸ್ಸು, ಕಿವಿಯ ಬಳಿ ನಾಲ್ಕೈದು ಬಿಳಿ ಕೂದಲು.

"ಇನ್ನೊಂದು ಪುಟದಲ್ಲಿ ಬರಿಯೋಕೆ ಏನಾಗಿತ್ತು ನಿಮಗೆ?"

ದಾರಿಯುದ್ದಕ್ಕೂ ಅವಳು ಯೋಚಿಸಿಕೊಂಡು ಬಂದ ಮೊದಲ ಮಾತು ಇದಾಗಿರಲಿಲ್ಲ.

ಅವನು ತಿರುಗಿದ. ಅವಳ ದನಿಯನ್ನು ಗುಬ್ಬಿಯ ಫೋನಿನಲ್ಲಿ ಒಂದು ವರ್ಷ ಕೇಳಿದ್ದವನು. ಕೈಯಲ್ಲಿದ್ದ ಗಾರೆ ಮೆತ್ತುವ ಕರಣಿಯನ್ನು ಮೆಲ್ಲಗೆ ಗೋಡೆಯ ಮೇಲಿಟ್ಟ.

"ಮೇಡಂ..."

"ಗುಬ್ಬಿ ಪುಟದಲ್ಲಿ ಬರೀಬಹುದಿತ್ತು. ಹೊಸ ಪುಟ ತೆಗೀಬಹುದಿತ್ತು. 'ಓದಿದ್ದೇನೆ' ಅಂತ ಸಹಿ ಹಾಕೋಕೆ ಬರತ್ತೆ, ಒಂದು ಮಾತು ಕೇಳೋಕೆ ಬರಲ್ವಾ?"

"ನೀವು ಬೀಗ ಹಾಕಿದ್ರಿ."

"ಅದು ಎಲ್ಲರಿಗೂ ಹಾಕೋ ಬೀಗ! ಪ್ರತಿ ಶನಿವಾರ. ನಿಮಗೂ ಬೀಳತ್ತೆ ಅಂತ ನನಗೆ ಹೊಳೀಲೇ ಇಲ್ಲ."

ಅವನು ದಾರ ಬಿಟ್ಟು ನೆಟ್ಟಗೆ ನಿಂತ.

"ನಾನು ನಾಲ್ಕು ಮಾತು ಬರೆದಿದ್ದೆ," ಎಂದ ನಿಧಾನವಾಗಿ. "ಬರೀತಿರುವಾಗಲೇ ಮುಚ್ಕೊಂಡ್ತು. ಬರೆದಿದ್ದೂ ಹೋಯ್ತು. ಪ್ರತಿ ವಾರ ಹೊಸ ಪುಟದಲ್ಲೇ ಬರೀತಿದ್ದೆ, ಬೀಗ ಕಂಡಿದ್ದು ಅದೇ ಮೊದಲು. ನೀವು ಆ ಕಡೆಯಿಂದ ಅದನ್ನ ನೋಡಿ ಮುಚ್ಚಿದ್ರಿ ಅಂದ್ಕೊಂಡೆ. ಕೇಳಿದ್ದಕ್ಕೆ ನಿಮಗೇ ಬೇಜಾರಾಯ್ತೇನೋ, ಮೇಸ್ತ್ರಿಗೆ ಇಷ್ಟು ಸಲಿಗೆ ಕೊಡಬಾರದಿತ್ತು ಅನ್ನಿಸ್ತೇನೋ ಅಂತ... ಅದ್ರ ಮೇಲೆ ಇನ್ನೊಂದು ಪುಟ ತೆಗೆದು ಬರೆಯೋದು ಮರ್ಯಾದೆ ಅಲ್ಲ ಮೇಡಂ."

"ನನಗೇನೂ ಕಾಣಿಸ್ಲಿಲ್ಲ. ಬರೀ ಖಾಲಿ." ಅವಳು ಒಂದು ಹೆಜ್ಜೆ ಮುಂದೆ ಬಂದಳು. "ಮೂರು ವಾರ ಖಾಲಿ ಪುಟ ನೋಡಿದೀನಿ ನಾನು. ಏನು ಬರೆದಿದ್ರಿ?"

ಅವನು ತಲೆ ತಗ್ಗಿಸಿದ.

"'ನಿಮ್ಮ ಕೆಂಪಕ್ಷರ ಇಲ್ದೆ ನನ್ನ ಸಂಜೆ...' ಅಲ್ಲಿವರೆಗೆ."

"ಮುಂದೆ?"

"ಕಳೆಯಲ್ಲ, ಅಂತ."

ಗಾಳಿಗೆ ಮರಳ ರಾಶಿಯ ಮೇಲಿನ ಪ್ಲಾಸ್ಟಿಕ್ ಹಾಳೆ ಪಟಪಟಿಸಿತು. ಶೆಡ್ಡಿನ ಕಡೆಯಿಂದ ಅತ್ತೆಯ ದನಿ ಕೇಳಿಸುತ್ತಿತ್ತು. ಪಾತ್ರೆ ತೊಳೆಯುವ ಬಗೆಯ ಕುರಿತು ಅವನ ಅಕ್ಕನಿಗೆ ಉಪದೇಶ ಆಗಲೇ ಶುರುವಾಗಿತ್ತು. ಅಕ್ಕ ಸುಮ್ಮನಿರುವ ಜಾತಿಯಲ್ಲ, ತಿರುಗಿ ಹೇಳುತ್ತಿದ್ದಳು.

"ನಾನು ಓದಿದ್ದು ಹತ್ತನೇ ಕ್ಲಾಸು ಅಷ್ಟೇ," ಎಂದ ಅವನು.

"ನಾನು ಮಾರ್ಕ್ಸ್ ಕಾರ್ಡ್ ಕೇಳಿಲ್ಲ."

"ನಾಳೆ ಹೊರಡ್ತೀವಿ. ಅಲ್ಲಿ ಆರು ತಿಂಗಳು, ಆಮೇಲೆ ಇನ್ನೆಲ್ಲೋ. ಇದು ನೆಲೆ ಇಲ್ಲದ ಬದುಕು ಮೇಡಂ."

"ನನ್ನ ಕೆಲಸಕ್ಕೆ ಒಂದು ಮೇಜು, ಒಂದು ಪ್ಲಗ್ಗು ಸಾಕು. ಅದು ಯಾವೂರಲ್ಲಿದ್ರೂ ಪಾಠ ನಡೆಯತ್ತೆ." ಅವಳು ಶೆಡ್ಡಿನ ಕಡೆ ನೋಡಿದಳು. "ಅತ್ತೆಗೆ ಜಗಳಕ್ಕೆ ಒಬ್ರು ಬೇಕು. ಸಿಕ್ಕಿದಾರೆ."

ಅವನು ನಕ್ಕ. ಆ ನಗುವನ್ನು ಅವಳು ಮೊದಲ ಸಲ ನೋಡಿದಳು. ಮೂರು ವಾರದ ಸಿಟ್ಟು ಎಲ್ಲಿ ಹೋಯಿತೆಂದು ಹುಡುಕಿದರೂ ಸಿಗಲಿಲ್ಲ.

"ಇರಿ, ಕೈ ತೊಳೆದು ಬರ್ತೀನಿ."

"ಎಲ್ಲಿಗೂ ಹೋಗ್ಬೇಡಿ."

ಅವಳು ಕೈ ಚಾಚಿದಳು. ಅವನು ತನ್ನ ಅಂಗೈ ನೋಡಿಕೊಂಡ, ಹಿಂಜರಿದ, ಆಮೇಲೆ ಕೊಟ್ಟ. ಒರಟಾಗಿತ್ತು, ಬಿಸಿಲಿಗೆ ಬೆಚ್ಚಗಿತ್ತು. ಸಿಮೆಂಟಿನ ಪುಡಿ ಅವಳ ಬೆರಳಿಗೂ ಹತ್ತಿತು.

"ಚರ್ಮ ಉರಿಯತ್ತೆ ಮೇಡಂ."

"ಇನ್ನೂ ಮೇಡಂ ಅಂತೀರಾ?"

"ಒಂದೇ ಸಲಕ್ಕೆ ಬಾಯಿಗೆ ಬರಲ್ಲ. ಸ್ವಲ್ಪ ದಿನ ಬೇಕು."

"ಎಷ್ಟು ದಿನ?"

"ಅದು ನೀವು ಎಷ್ಟು ದಿನ ಇರ್ತೀರಿ ಅನ್ನೋದ್ರ ಮೇಲೆ."

"ಇರ್ತೀನಿ," ಎಂದಳು ಅವಳು. "ನಿಧಾನಕ್ಕೆ ಕಲೀರಿ."